ಪಾಚಿಯ ಮೇಲೆ ಹಾಕಿದ ತಪ್ಪು

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಯಾರು ಬಿದ್ದರೂ ಬೈಗುಳ ಪಾಚಿಗೇ. ನನ್ನ ಮೆಡಿಕಲ್ ಶಾಪಿಗೆ ನೋವಿನ ಮುಲಾಮು ಕೇಳಲು ಬಂದ ಅಜ್ಜನೂ ಅದನ್ನೇ ಹೇಳಿದರು. "ಎಂತದೂ ಇಲ್ಲ ಮಾರಾಯ, ಪಾಚಿ ಮೇಲೆ ಜಾರಿದೆ." ಜೊತೆಗಿದ್ದ ಅಮ್ಮ ಬಿಡಲಿಲ್ಲ. "ಅಂಗಳದಲ್ಲಲ್ಲ, ಮಂಚದ ಹತ್ರ. ರಾತ್ರಿ ಎದ್ದು ನಿಂತ ಕೂಡ್ಲೆ." ಮಂಚದ ಹತ್ತಿರ ಪಾಚಿ ಎಲ್ಲಿಂದ ಬರಬೇಕು?

ಮನೆಯಲ್ಲಿರುವ ಮಾತ್ರೆ ಎಲ್ಲಾ ತನ್ನಿ ಅಂದೆ. ಮರುದಿನ ಒಂದು ಬಿಸ್ಕತ್ ಡಬ್ಬ ಬಂತು. ಕೌಂಟರ್ ಮೇಲೆ ಸುರಿದೆ. ಕತ್ತರಿಸಿದ ಸ್ಟ್ರಿಪ್‌ಗಳೇ ಜಾಸ್ತಿ, ಕೆಲವದರಲ್ಲಿ ಹೆಸರೇ ಇಲ್ಲ. (ಹಾಗೆ ಕತ್ತರಿಸಿ ಕೊಡುವವರು ನಾವೇ.) ನಾನು ದಪ್ಪಕ್ಷರದ ಬ್ರ್ಯಾಂಡ್ ಬಿಟ್ಟು ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದುತ್ತೇನೆ. ಒಂದೊಂದನ್ನೇ ಹಿಡಿದು ಕೇಳಿದೆ: ಯಾರು ಬರೆದದ್ದು, ಯಾವ ಹೊತ್ತಿಗೆ ತಗೊಳ್ತೀರಿ?

ಬಿಪಿಗೆ ಡಿಲ್ಟಿಯಾಜೆಮ್, ಇಲ್ಲಿನ ಡಾಕ್ಟರು ಬರೆದದ್ದು. ನಿದ್ರೆಗೆ ಆಲ್ಪ್ರಜೋಲಾಮ್, ಶಿವಮೊಗ್ಗದಲ್ಲಿ ಇನ್ನೊಬ್ಬರು ಬರೆದದ್ದು, ಅಲ್ಲೇ ಕೊಂಡದ್ದು. ಅದು ಶೆಡ್ಯೂಲ್ ಎಚ್1 ಔಷಧ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯದ್ದು. ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ರಿಜಿಸ್ಟರನ್ನು 3 ವರ್ಷ ಇಡಬೇಕು. ಆದರೆ ಶಿವಮೊಗ್ಗದ ಅಂಗಡಿಯ ರಿಜಿಸ್ಟರು ನನಗೆ ಕಾಣುವುದಿಲ್ಲವಲ್ಲ.

ಆಲ್ಪ್ರಜೋಲಾಮನ್ನು ಲಿವರಿನಲ್ಲಿ ಒಡೆಯುವುದು ಸಿವೈಪಿ3ಎ4 ಎಂಬ ಕಿಣ್ವ. ಡಿಲ್ಟಿಯಾಜೆಮ್ ಆ ಕಿಣ್ವದ ಕೈ ಕಟ್ಟುತ್ತದೆ. ವೆರಾಪಮಿಲ್ ಎಂಬ ಇನ್ನೊಂದು ಬಿಪಿ ಮಾತ್ರೆ ಕೂಡ ಹಾಗೇ. ಆಗ ರಾತ್ರಿಯ ಮಾತ್ರೆಯ ಮಂಪರು ಬೆಳಗಿನ ಕಾಫಿ ಹೊತ್ತಿಗೂ ಇಳಿದಿರುವುದಿಲ್ಲ. ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆಯಾದರೆ ಆ ಕಿಣ್ವದ ತಂಟೆಗೆ ಹೋಗುವುದಿಲ್ಲ. ಆದರೂ ಬಿಪಿ ಇಳಿಸುವ ಯಾವ ಮಾತ್ರೆಯ ಜೊತೆ ನಿದ್ರೆ ಮಾತ್ರೆ ಸೇರಿದರೂ, ಥಟ್ಟನೆ ಎದ್ದರೆ ತಲೆ ತಿರುಗಬಹುದು.

ಡಬ್ಬದ ತಳದಲ್ಲಿ ನೆಗಡಿ ಮಾತ್ರೆ ಇತ್ತು. ಅದರಲ್ಲಿರುವ ಕ್ಲೋರ್‌ಫೆನಿರಮಿನ್ ನಿದ್ದೆ ತರಿಸುತ್ತದೆ, ಫಿನೈಲೆಫ್ರಿನ್ ಬಿಪಿ ಏರಿಸಬಹುದು. ಇದನ್ನು ಯಾರು ಕೊಟ್ಟಿದ್ದು ಅಂದೆ.

"ನೀನೇ ಅಲ್ವಾ!"

ಚೀಟಿ ಇಲ್ಲದೆ, ಏನೂ ಕೇಳದೆ, ಸುಮ್ನೆ ಕೊಟ್ಟಿದ್ದೆ.

ಅಜ್ಜನನ್ನು 5 ನಿಮಿಷ ಕೂರಿಸಿ ಬಿಪಿ ನೋಡಿದೆ: 138/80. ನಿಲ್ಲಿಸಿ 3 ನಿಮಿಷದೊಳಗೆ ಮತ್ತೆ ನೋಡಿದೆ: 112/70. ನಿಂತಾಗ ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು.

ನೆಗಡಿ ಮಾತ್ರೆ ಎತ್ತಿಟ್ಟುಕೊಂಡೆ. ಉಳಿದವನ್ನು ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ದಿನಾ ತಗೊಳ್ಳುವ ಆಲ್ಪ್ರಜೋಲಾಮನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಇಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಎರಡೂ ಹೆಸರು, ಎರಡೂ ಅಂಕಿ ಓದಿ ಹೇಳಿದೆ. ಅವರು ಶಿವಮೊಗ್ಗದವರ ಜೊತೆ ಮಾತಾಡಿ ಬಿಪಿ ಮಾತ್ರೆ ಬದಲಿಸಿದರು. ನಿದ್ರೆ ಮಾತ್ರೆಯನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು.

ಈಗ ನೆಗಡಿ ಮಾತ್ರೆ ಕೇಳಿದವರನ್ನೂ "ಬೇರೆ ಎಂತ ಮಾತ್ರೆ ನಡೀತಿದೆ?" ಅಂತ ಕೇಳುತ್ತೇನೆ. ಕೆಲವರು ಗೊಣಗಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಜ್ಜ ಮಾತ್ರ ನಾನು ಕೇಳುವ ಮೊದಲೇ ಡಬ್ಬ ತೆಗೆದು ಕೌಂಟರ್ ಮೇಲೆ ಇಡುತ್ತಾರೆ.