ಮುಸುಕಿನ ಬಾವಿಯಿಂದ ವಿಶ್ವಭೀತಿಯ ಕಥೆ ಕಟ್ಟುವುದು ಹೇಗೆ?

ವಿಶ್ವಭೀತಿ (ಕಾಸ್ಮಿಕ್ ಹಾರರ್) ಎಂದರೆ ಮನುಷ್ಯನನ್ನು ಲೆಕ್ಕಿಸದ ಅಗಾಧ ವಿಶ್ವದ ಎದುರು ಹುಟ್ಟುವ ಭಯ. ಅದರ ಕಥೆಯಲ್ಲಿ ದೆವ್ವಕ್ಕೆ ಕೆಲಸವಿಲ್ಲ. ದೆವ್ವಕ್ಕೆ ನಮ್ಮ ಮೇಲೆ ಸಿಟ್ಟಿರುತ್ತದೆ, ಹರಕೆ ತೀರಿಸಿದರೆ ಇಳಿಯುತ್ತದೆ. ಇಲ್ಲಿ ಎದುರಿಗಿರುವುದಕ್ಕೆ ನಾವು ಲೆಕ್ಕಕ್ಕೇ ಇಲ್ಲ. ಅದಕ್ಕೆ ದ್ವೇಷ ಕೊಟ್ಟಿರೋ, ಕಥೆ ಮಾಮೂಲಿ ಭೂತದ ಕಥೆಯಾಯಿತು.

ಮೊದಲು ಜಾಗ. ಗದಗ ಹತ್ತಿರದ ಲಕ್ಕುಂಡಿಗೆ ಹೋಗಿ, ಮಾಣಿಕೇಶ್ವರ ಗುಡಿಯ ಮೆಟ್ಟಿಲುಬಾವಿಯಾದ ಮುಸುಕಿನ ಬಾವಿಯ ಬಳಿ ಒಂದು ಮಧ್ಯಾಹ್ನ ಕೂಡಿ. ಮೆಟ್ಟಿಲು ಎಣಿಸಿ, ಗೋಡೆಯ ಗೂಡುಗಳನ್ನು ನೋಡಿ, ನೆರಳು ಯಾವ ಹೊತ್ತಿಗೆ ಎಲ್ಲಿಗೆ ಬಂತೆಂದು ಬರೆದಿಟ್ಟುಕೊಳ್ಳಿ. ಈ ನಿಖರತೆಯೇ ಮುಂದಿನ ಭಯಕ್ಕೆ ಬುನಾದಿ.

ನಿರೂಪಕನಾಗಿ ಅಳೆಯುವ ಮನುಷ್ಯನನ್ನು ಆರಿಸಿ. ಸರ್ವೇಯರ್ ಆದರೆ ಬಹಳ ಒಳ್ಳೆಯದು. ಆಮೇಲೆ ಒಂದೇ ಒಂದು ತಪ್ಪು ಲೆಕ್ಕ: ಇಳಿಯುವಾಗ 31 ಮೆಟ್ಟಿಲು, ಹತ್ತುವಾಗ 32. ಮರುದಿನ 33. ಬಾವಿ ಕಸ ಗುಡಿಸುವ ಅಜ್ಜ, 'ಸಾಹೇಬ್ರ, ಈ ಪಾವಟಿಗಿ ನಿನ್ನೆ ಇದ್ದಿಲ್ರೀ' ಅಂದರೆ ಸಾಕು. ಇನ್ನೊಂದು ವಿಚಿತ್ರ ಸೇರಿಸಬೇಡಿ, ಮೊದಲಿನದು ಸಾಯುತ್ತದೆ.

ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ 1928ರಲ್ಲಿ ಪ್ರಕಟಿಸಿದ 'ದ ಕಾಲ್ ಆಫ್ ಕ್ಥುಲ್ಹು' ಸತ್ತವನ ಕಾಗದಪತ್ರಗಳ ಮೂಲಕವೇ ಬಿಚ್ಚಿಕೊಳ್ಳುತ್ತದೆ. ಆ ತಂತ್ರ ಕಲಿಯಿರಿ. ಪರಕೀಯರೆಂದರೆ ಹೆದರುವ ಲವ್‌ಕ್ರಾಫ್ಟ್‌ನ ಜನಾಂಗದ್ವೇಷ ಬೇಡವೇ ಬೇಡ. 'ವರ್ಣನಾತೀತ', 'ಭೀಕರ' ಎಂಬ ವಿಶೇಷಣಗಳೂ ಬೇಡ. ಆ ಜಾಗದಲ್ಲಿ ಅಳತೆ ಬರೆಯಿರಿ. 1981ರಲ್ಲಿ ಆ ಕಥೆಯ ಹೆಸರಿನದೇ ಪಾತ್ರಾಭಿನಯದ ಆಟ (ರೋಲ್-ಪ್ಲೇಯಿಂಗ್ ಗೇಮ್) ಬಂದಾಗ ಪಾತ್ರದ ಬುದ್ಧಿಸ್ಥಿಮಿತವನ್ನೂ ಅಂಕಿಯಲ್ಲೇ ಇಳಿಸಿದರು.

ನೀರಿನೊಳಗೆ ಏನಿದೆ ಎಂದು ತೋರಿಸಬೇಡಿ. ಸರ್ವೇಯರನ ಕೊನೆಯ ನಮೂದಿನಲ್ಲಿ ಇಳಿದ ಲೆಕ್ಕವಷ್ಟೇ ಇರಲಿ, ಹತ್ತಿದ್ದರ ಕಾಲಂ ಖಾಲಿ ಬಿಡಿ.