ಗೊರಿಲ್ಲಾ ಉಳಿಸಲು ನಾವು ಸುತ್ತಿದ್ದು ಮನೆಗಳನ್ನು

ಉಗಾಂಡದ ನೈಋತ್ಯ ಮೂಲೆಯಲ್ಲಿರುವ ಬ್ವಿಂಡಿ ಮಳೆಕಾಡಿನ ಅಂಚಿನ ಹಳ್ಳಿಗಳಲ್ಲಿ ನಾನು ಆರೋಗ್ಯ ಕಾರ್ಯಕರ್ತೆಯಾಗಿ ಕೆಲಸ ಮಾಡಿದ್ದೇನೆ. ಗೊರಿಲ್ಲಾ ಕಾಯುವುದು ಅಂದರೆ ಬಂದೂಕು ಹಿಡಿದ ಗಾರ್ಡುಗಳ ಕೆಲಸ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಗಾರ್ಡುಗಳು ಬೇಕೇ ಬೇಕು. ಆದರೆ ನಮ್ಮ ಕೆಲಸ ಜಾಸ್ತಿ ನಡೆಯುತ್ತಿದ್ದದ್ದು ಮನೆಯಂಗಳದಲ್ಲಿ, ಬಾಳೆತೋಟದಲ್ಲಿ.

ನಮಗೆ ಬರುವ ಕಾಯಿಲೆ ಗೊರಿಲ್ಲಾಗೂ ಹತ್ತುತ್ತದೆ. ನಮಗೆ ಬರೀ ನೆಗಡಿ, ಅದಕ್ಕೆ ಜೀವಕ್ಕೇ ಕುತ್ತು. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಹತ್ತಿ ಮರಿಯೊಂದು ಸತ್ತಿತು. ಉಳಿದವನ್ನು ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಝಿಕುಸೋಕಾ ಔಷಧಿ ಕೊಟ್ಟು ಉಳಿಸಿದರು. ಹೊಲದ ಬೆದರುಬೊಂಬೆಗೆ ತೊಡಿಸಿದ್ದ ಹಳೇ ಬಟ್ಟೆಯಿಂದ ಆ ಕಜ್ಜಿ ಅಂಟಿರಬೇಕು ಎನ್ನುತ್ತಾರೆ. ಜನರ ಆರೋಗ್ಯ, ಗೊರಿಲ್ಲಾ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡುವ ಸಂಸ್ಥೆಯನ್ನು ಅವರು 2003ರಲ್ಲಿ ಕಟ್ಟಿದರು. ನಾವು ಹಿಡಿದದ್ದೂ ಅದೇ ದಾರಿ.

ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಲ್ಲೂ ಊರಿನವರೇ ಮನೆಮನೆಗೆ ಹೋಗುತ್ತಾರೆ. ನಾನು ಅವರ ಜೊತೆ ಹೋಗುತ್ತಿದ್ದೆ. ಯಾರಿಗಾದರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ? ಇದ್ದರೆ ಕ್ಷಯದ ಪರೀಕ್ಷೆಗೆ ಕಳಿಸಬೇಕು. ಶೌಚಾಲಯಕ್ಕೆ ಮುಚ್ಚಳ ಇದೆಯಾ? ಕೈ ತೊಳೆಯಲು ನೀರಿನ ಕ್ಯಾನ್ ಕಟ್ಟಿದ್ದಾರಾ? ಕ್ಯಾನಿಗೆ ಹಗ್ಗದಿಂದ ಕಟ್ಟಿದ ಕೋಲನ್ನು ಕಾಲಲ್ಲಿ ಒತ್ತಿದರೆ ಕ್ಯಾನ್ ಬಾಗಿ ನೀರು ಬರುತ್ತದೆ, ಖರ್ಚು ಏನೂ ಇಲ್ಲ. ಗೊರಿಲ್ಲಾ ಈಚೆಗೆ ತೋಟಕ್ಕೆ ಬಂದಿತ್ತಾ ಅಂತಲೂ ಅದೇ ಭೇಟಿಯಲ್ಲಿ ಕೇಳುತ್ತಿದ್ದೆವು.

ಬಂದಿದ್ದರೆ ಆ ಮನೆಯವರ ಮುಖ ನೋಡಲಾಗುತ್ತಿರಲಿಲ್ಲ. ಗೊರಿಲ್ಲಾ ಗೊನೆ ಕಿತ್ತು ಹೋಗುವುದಿಲ್ಲ. ಗಿಡವನ್ನೇ ಸೀಳಿ ದಿಂಡು ತಿನ್ನುತ್ತದೆ. ಗಿಡವೇ ಹೋಯಿತು ಅಂದಮೇಲೆ ಆ ಮನೆಗೆ ಊಟ ಎಲ್ಲಿಂದ? ಕೊಡಗಿನಲ್ಲಿ ಆನೆ ತೋಟಕ್ಕೆ ನುಗ್ಗಿದ ಮಾರನೇ ಬೆಳಿಗ್ಗೆ ಹೇಗಿರುತ್ತದೆ ಅಂತ ನೋಡಿ ಬೆಳೆದವಳು ನಾನು. ಸಿಟ್ಟು ಮಾಡಬೇಡಿ ಅಂತ ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಗೊರಿಲ್ಲಾಗಳನ್ನು ಕಾಡಿಗೆ ವಾಪಸ್ ಕಳಿಸಲು ಊರಿನ ಸ್ವಯಂಸೇವಕರ ತಂಡವಿದೆ. ಸುದ್ದಿ ಬಂದ ಕೂಡಲೇ ಗಂಬೂಟು ಹಾಕಿಕೊಂಡು, ಗಂಟೆ ಹಿಡಿದು ಹೊರಡುತ್ತಾರೆ. ಕಲ್ಲು ಎಸೆಯುವಂತಿಲ್ಲ, ನಾಯಿ ಬಿಡುವಂತಿಲ್ಲ. ಮೂಗು, ಬಾಯಿಗೆ ಮಾಸ್ಕ್. ಸಾಲಾಗಿ ನಿಂತು, ಕಾಡಿನ ಕಡೆ ದಾರಿ ಖಾಲಿ ಬಿಟ್ಟು, ಗಂಟೆ ಬಾರಿಸುತ್ತಾ ನಿಧಾನವಾಗಿ ಮುಂದೆ ಹೋಗಬೇಕು. ಗುಂಪಿನ ಯಜಮಾನ, ಬೆನ್ನು ಬೆಳ್ಳಗಾದ ಗಂಡು, ಮೈಮೇಲೆ ಬಂದಂತೆ ನುಗ್ಗಿದರೆ ಓಡಬಾರದು. ಅಲ್ಲೇ ತಗ್ಗಿ, ಕಣ್ಣು ಕೆಳಗೆ ಮಾಡಬೇಕು. ಹೇಳುವುದು ಸುಲಭ, ಆ ಹೊತ್ತಿನಲ್ಲಿ ಕಾಲು ನಿಲ್ಲುವುದಿಲ್ಲ. ಸಂಬಳವಿಲ್ಲದೆ ಈ ಕೆಲಸ ಮಾಡುವವರ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ.

ಬ್ವಿಂಡಿಯ ಎನ್ಕುರಿಂಗೊ ಎಂಬ ಊರಿನ ಕಡೆ, ಗೊರಿಲ್ಲಾ ತೋಟಕ್ಕೆ ದಾಟದಿರಲಿ ಅಂತ ಕಾಡಿನ ಅಂಚಿಗೆ ಚಹಾ ಹಾಕಿದ್ದಾರೆ. ಗೊರಿಲ್ಲಾ ಚಹಾ ಎಲೆ ಮುಟ್ಟುವುದಿಲ್ಲ.

2020ರಲ್ಲಿ ಕೋವಿಡ್‌ನಿಂದ ಗೊರಿಲ್ಲಾ ನೋಡಲು ಪ್ರವಾಸಿಗರು ಬರುವುದು ನಿಂತಿತು, ದುಡ್ಡೂ ನಿಂತಿತು. ಜನ ಮತ್ತೆ ಉರುಳು, ಈಟಿ ಹಿಡಿದು ಕಾಡಿಗೆ ಹೋದರು. ಆ ಜೂನ್‌ನಲ್ಲಿ ಎನ್ಕುರಿಂಗೊ ಗೊರಿಲ್ಲಾ ಗುಂಪಿನ ಯಜಮಾನ ರಫಿಕಿ ಈಟಿ ತಿವಿತದಿಂದ ಸತ್ತ. ಕೊಂದವನಿಗೆ 11 ವರ್ಷ ಜೈಲಾಯಿತು. ಜೈಲು ಸರಿಯೇ. ಆದರೆ ಅವನು ಕಾಡಿಗೆ ಹೋದದ್ದು ಸಣ್ಣಪುಟ್ಟ ಪ್ರಾಣಿ ಬೇಟೆಗೆ. ಹಸಿವು ಕಾಡಿನ ಗಡಿ ನೋಡುವುದಿಲ್ಲ ಅಲ್ವಾ? ಬೇಗ ಫಸಲು ಕೊಡುವ ತರಕಾರಿ ಬೀಜ ಹಂಚುವುದು ನನ್ನ ಮಟ್ಟಿಗೆ ಆಗ ಎಲ್ಲಕ್ಕಿಂತ ದೊಡ್ಡ ಸಂರಕ್ಷಣೆಯ ಕೆಲಸವಾಗಿತ್ತು.

ಫಲ ಕಣ್ಣಿಗೆ ಕಾಣುತ್ತಿದೆ. 2018ರ ಗಣತಿಯಲ್ಲಿ ಬ್ವಿಂಡಿ ಮತ್ತು ಅದಕ್ಕಂಟಿದ ಕಾಂಗೋದ ಸರಂಬ್ವೆ ಕಾಡಿನಲ್ಲಿ 459 ಗೊರಿಲ್ಲಾ ಸಿಕ್ಕವು. ವಿರುಂಗಾ ಬೆಟ್ಟಸಾಲಿನವು ಸೇರಿ ಪರ್ವತ ಗೊರಿಲ್ಲಾಗಳು ಒಟ್ಟು 1,063. ಆದರೆ ಲಾಭ ಎಲ್ಲರಿಗೂ ಒಂದೇ ಸಮ ತಲುಪಿಲ್ಲ. 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಕಾಡಿನಿಂದ ಹೊರಬಿದ್ದ, ಅಲ್ಲಿನ ಮೂಲನಿವಾಸಿಗಳಾದ ಬತ್ವಾ ಜನರಲ್ಲಿ ಹಲವರಿಗೆ ಇವತ್ತಿಗೂ ಸ್ವಂತ ಜಮೀನಿಲ್ಲ. ವಿದೇಶಿಯರು ಗೊರಿಲ್ಲಾ ನೋಡಲು ಕೊಡುವ ನೂರಾರು ಡಾಲರ್ ಪರ್ಮಿಟ್ ಹಣದಲ್ಲಿ ಊರುಗಳ ಪಾಲು ಒಂದು ಪರ್ಮಿಟ್‌ಗೆ 10 ಡಾಲರ್. ಅದರಲ್ಲಿ ಶಾಲೆ, ರಸ್ತೆ ಆಗುತ್ತವೆ, ಒಳ್ಳೆಯದೇ. ಬಾಳೆ ಕಳಕೊಂಡ ಮನೆಯ ಮತ್ತು ಬತ್ವಾ ಕುಟುಂಬಗಳ ಹೆಸರು ಆ ಹಣ ಯಾರಿಗೆ ಅನ್ನುವ ಪಟ್ಟಿಯಲ್ಲಿ ಮೊದಲು ಬರಬೇಕು ಅಂತ ನಾವು ಪ್ರತಿ ಊರಸಭೆಯಲ್ಲೂ ಕೇಳುತ್ತಾ ಬಂದಿದ್ದೇವೆ.