ಸುಗಂಧರಾಜದ ಮಡಿ ಅಗೆದಾಗ

2023ರ ಶ್ರಾವಣದಲ್ಲಿ ನಮ್ಮ ಹಿತ್ತಿಲ ಸುಗಂಧರಾಜದ ಮಡಿ ಕೊಟ್ಟಿದ್ದು ಒಟ್ಟು ಮೂರೇ ಕಡ್ಡಿ ಹೂ. ವರಮಹಾಲಕ್ಷ್ಮಿ ಹಬ್ಬಕ್ಕೆ ಪೇಟೆಯಿಂದ ಹೂ ತರಬೇಕಾಯಿತು. ಎರಡು ವರ್ಷದ ಹಿಂದೆ ಇದೇ ಮಡಿಯ ಹೂವನ್ನು ಬೀದಿಯ ನಾಲ್ಕು ಮನೆಗೆ ಹಂಚಿದ್ದೆ. ಎಲೆಗೇನೂ ಬರ ಇರಲಿಲ್ಲ. ಕಾಲಿಡಲು ಜಾಗವಿಲ್ಲದಂತೆ ಹಸಿರು ಒತ್ತಿಕೊಂಡಿತ್ತು. ಹಾಲು ಹಾಕಲು ಬರುವ ಅಜ್ಜಿ ಒಂದು ದಿನ ಬಗ್ಗಿ ನೋಡಿ, “ಏನಮ್ಮಾ, ಹಸುವಿಗೆ ಹುಲ್ಲು ಬೆಳೆಸಿದ್ದೀಯಾ?” ಎಂದು ಕೇಳಿಯೇ ಬಿಟ್ಟರು.

ಹೂ ಬಾರದಿದ್ದರೆ ನಮಗೆಲ್ಲ ಮೊದಲು ನೆನಪಾಗುವುದು ಗೊಬ್ಬರ. ನಾನೂ ಕೊಟ್ಟಿಗೆ ಗೊಬ್ಬರ ಹಾಕಿದೆ, ಸಾಲದೆಂದು ಎರಡು ಹಿಡಿ ಯೂರಿಯಾವನ್ನೂ ಎರಚಿದೆ. ಹುಲ್ಲು ಇನ್ನಷ್ಟು ಕೊಬ್ಬಿತು, ಅಷ್ಟೇ. ಸಾರಜನಕ ಎಲೆಗೆ ಊಟ, ಹೂವಿಗಲ್ಲ. ಬಿಸಿಲು ಸಾಲದೇನೋ ಎಂದು ಒಂದು ಭಾನುವಾರ ಗಡಿಯಾರ ಹಿಡಿದು ನೋಡಿದೆ. ಆರು ಗಂಟೆಗೂ ಹೆಚ್ಚು ಬೀಳುತ್ತಿತ್ತು. ಕೊನೆಗೆ ಗೆಡ್ಡೆ ಕೊಟ್ಟಿದ್ದ ನಂಜನಗೂಡಿನ ಕಡೆಯ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನೆಟ್ಟು ಎಷ್ಟು ವರ್ಷವಾಯಿತು?” ನಾಲ್ಕು ದಾಟಿತು ಎಂದೆ. “ಮತ್ತೆ ಕೇಳುವುದೇನಿದೆ? ನಾವು ಮೂರು ವರ್ಷಕ್ಕೇ ಕಿತ್ತು ಹಾಕುತ್ತೇವೆ. ಸಂಕ್ರಾಂತಿ ಕಳೆಯಲಿ, ಅಗೆ.”

ಡಿಸೆಂಬರ್ ಕೊನೆಯಿಂದ ಮಡಿಗೆ ನೀರು ನಿಲ್ಲಿಸಿದೆ. ಸುಗಂಧರಾಜ ಮೂಲತಃ ಮೆಕ್ಸಿಕೋದ್ದು, ಒಣಗಾಲ ಬಂದಾಗ ನೆಲದೊಳಗೆ ಮಲಗುವ ಗಿಡ. ನಮ್ಮ ತುಮಕೂರಿನ ಹವೆಗೆ ಅದು ತಾನಾಗಿ ಪೂರ್ತಿ ಒಣಗುವುದಿಲ್ಲ; ನೀರು ತಪ್ಪಿಸಿ ಮಲಗಿಸಬೇಕು. ಜನವರಿ ಕೊನೆಯ ಹೊತ್ತಿಗೆ ಎಲೆಯ ತುದಿಗಳು ಹಳದಿಯಾಗಿ ಬಾಗಿದವು. ಬುಡದಿಂದ ಒಂದು ಗೇಣು ಆಚೆ ಹಾರೆ ಇಳಿಸಿ ಮೀಟಿದೆ. ಹತ್ತಿರ ಚುಚ್ಚಿದರೆ ಗೆಡ್ಡೆ ಸೀಳಿಹೋಗುತ್ತದೆ, ಮೊದಲ ಬುಡದಲ್ಲೇ ಎರಡನ್ನು ಸೀಳಿ ಈ ಪಾಠ ಕಲಿತೆ.

ಎದ್ದು ಬಂದ ಬುಡವನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಮಣ್ಣು ಉದುರಿಸಿದಾಗ ವಿಷಯ ಕಣ್ಣಿಗೇ ಬಿತ್ತು. 2019ರಲ್ಲಿ ನಾನು ನೆಟ್ಟಿದ್ದು ಒಂದು ಗೆಡ್ಡೆ. ಈಗ ಅಲ್ಲಿ ಮೂವತ್ತೊಂದು. ನಟ್ಟನಡುವೆ ಕಂದು ಬಣ್ಣದ, ಬೆಂಡಾದ ಒಂದು ತುಂಡು. ಅದರ ತಲೆಯ ಮೇಲೆ ಹಳೆಯ ಹೂಕಡ್ಡಿಯ ಮೋಟು ಇನ್ನೂ ನಿಂತಿತ್ತು. ಅದೇ ತಾಯಿಗೆಡ್ಡೆ. ಒಂದು ಗೆಡ್ಡೆ ಒಮ್ಮೆ ಕಡ್ಡಿ ಬಿಟ್ಟರೆ ಅದರ ಕೆಲಸ ಮುಗಿಯಿತು, ಮತ್ತೆ ಹೂ ಕೊಡುವುದಿಲ್ಲ. ಮುಂದಿನ ಹೂ ಬರಬೇಕಾದದ್ದು ಅದರ ಸುತ್ತ ಹುಟ್ಟಿದ ಮರಿಗಳಿಂದ. ಆ ಮರಿಗಳೂ ಮರಿ ಹಾಕಿದ್ದವು. ಒಂದರ ಪಕ್ಕೆಯನ್ನು ಇನ್ನೊಂದು ಒತ್ತಿ, ದುಂಡಗಿರಬೇಕಾದವು ಚಪ್ಪಟೆಯಾಗಿದ್ದವು. ಬೇರುಗಳು ಸಿಕ್ಕು ಬಿದ್ದ ತೆಂಗಿನ ನಾರಿನಂತಿದ್ದವು. ಪ್ರತಿಯೊಂದೂ ಎಲೆ ಬಿಡುವಷ್ಟು ದೊಡ್ಡದು, ಹೂ ಬಿಡುವಷ್ಟಲ್ಲ. ನಾನು ಹಾಕಿದ ಗೊಬ್ಬರವೆಲ್ಲ ಈ ಮೂವತ್ತೊಂದು ಬಾಯಿಗೆ ಹಂಚಿಹೋಗಿತ್ತು.

ಬಿಡಿಸಲು ಚಾಕು ಬೇಡ. ಬುಡವನ್ನು ಎರಡೂ ಕೈಯಲ್ಲಿ ಹಿಡಿದು ರೊಟ್ಟಿ ಮುರಿದ ಹಾಗೆ ಎರಡಾಗಿ ಮುರಿದರೆ ಉಳಿದವು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಬೆಂಡಾದದ್ದು, ಒತ್ತಿದರೆ ಮೆತ್ತಗಾಗುವುದು ಗೊಬ್ಬರದ ಗುಂಡಿಗೆ. ಮಿಕ್ಕಿದ್ದನ್ನು ಅಡುಗೆಮನೆಯ ಅಳತೆಯಲ್ಲೇ ವಿಂಗಡಿಸಿದೆ: ಸಾಂಬಾರ್ ಈರುಳ್ಳಿಯಷ್ಟು ಮತ್ತು ಅದಕ್ಕಿಂತ ದಪ್ಪ ಇರುವವು ಒಂದು ಕಡೆ, ಬೆಳ್ಳುಳ್ಳಿ ಎಸಳಿನಂಥವು ಇನ್ನೊಂದು ಕಡೆ. ಅಡ್ಡಳತೆ ಎರಡು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಆ ವರ್ಷವೇ ಹೂ ನಿರೀಕ್ಷಿಸಬಹುದು. ಮೂವತ್ತೊಂದರಲ್ಲಿ ಅಂಥವು ಏಳು.

ಇಲ್ಲಿ ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಮೊದಲ ಬಕೆಟ್ ಗೆಡ್ಡೆಗಳ ಮಣ್ಣು ನೋಡಲಾಗದೆ ನಲ್ಲಿಯ ಕೆಳಗೆ ಚೊಕ್ಕಟವಾಗಿ ತೊಳೆದೆ. ಹಸಿಹಸಿಯಾಗಿ ಗೋಣಿಚೀಲದ ಮೇಲೆ ಹರಡಿ ಉಗ್ರಾಣದ ಬಾಗಿಲು ಹಾಕಿದೆ. ಹತ್ತು ದಿನದ ಮೇಲೆ ತೆರೆದರೆ ಹುಳಿ ವಾಸನೆ. ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ಎರಡನೆಯ ಬಕೆಟ್ಟಿನವನ್ನು ಮಣ್ಣು ಕೊಡವಿ, ಬೇರು ಕತ್ತರಿಸಿ, ಬಿದಿರಿನ ಮೊರದಲ್ಲಿ ಒಂದೇ ಪದರವಾಗಿ ಹರಡಿ ಗಾಳಿಯಾಡುವ ನೆರಳಿನಲ್ಲಿ ಇಟ್ಟಿದ್ದೆ. ನಾಲ್ಕೈದು ದಿನಕ್ಕೊಮ್ಮೆ ಕೈಯಾಡಿಸುತ್ತಿದ್ದೆ. ಅದರಲ್ಲಿ ಕೆಟ್ಟದ್ದು ನಾಲ್ಕೇ. ಹೀಗೆ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು ಮಲಗಿಸಿದರೆ ಚಿಗುರು ಒಂದೇ ಸಮನಾಗಿ ಬರುತ್ತದೆ.

ಮಡಿಯ ಒಂದು ಮೂಲೆಯ ಬುಡಗಳ ಬೇರಿನಲ್ಲಿ ಸಾಸಿವೆ ಪೋಣಿಸಿದಂಥ ಗಂಟುಗಳಿದ್ದವು. ಟೊಮೆಟೊ ಬೆಳೆದವರಿಗೆ ಈ ಬೇರುಗಂಟು ಗೊತ್ತು, ಮಣ್ಣಿನಲ್ಲಿರುವ ಜಂತುಹುಳುವಿನ ಕೆಲಸ. ಆ ಮೂಲೆಯ ಗೆಡ್ಡೆಗಳನ್ನು ಉಳಿಸಿಕೊಳ್ಳುವ ಆಸೆ ಮಾಡಲಿಲ್ಲ, ಪೂರ್ತಿ ಸುಟ್ಟೆ. ಹಳೆಯ ಮಡಿಗೆ ಚೆಂಡು ಹೂ ಹಾಕಿದೆ, ಅದರ ಬೇರು ಈ ಹುಳುವಿಗೆ ಆಗದು. ಸುಗಂಧರಾಜಕ್ಕೆ ಕಾಂಪೌಂಡಿನ ಇನ್ನೊಂದು ಬದಿಯಲ್ಲಿ ಹೊಸ ಮಡಿ ಮಾಡಿದೆ. ನೀರು ನಿಂತರೆ ಗೆಡ್ಡೆ ಕೊಳೆಯುವುದರಿಂದ ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ, ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಬೆರೆಸಿದೆ.

ನೆಟ್ಟಿದ್ದು ಆ ವರ್ಷದ ಯುಗಾದಿಗೆ ನಾಲ್ಕು ದಿನ ಮುಂಚೆ. ಚೂಪು ತುದಿ ಮೇಲಕ್ಕೆ, ಎರಡು ಅಂಗುಲ ಆಳ, ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು. ಇಷ್ಟು ದೂರ ಬಿಡುವಾಗ ಮಡಿ ಖಾಲಿ ಖಾಲಿಯಾಗಿ ಕಂಡು ಕೈ ತಡೆಯುವುದಿಲ್ಲ, ನಡುವೆ ಇನ್ನೊಂದನ್ನು ಸೇರಿಸೋಣ ಅನ್ನಿಸುತ್ತದೆ. ಸೇರಿಸಿದರೆ ಎರಡೇ ವರ್ಷಕ್ಕೆ ಮತ್ತೆ ಹಾರೆ ಹಿಡಿಯಬೇಕು. ನೆಟ್ಟ ದಿನ ಚೆನ್ನಾಗಿ ನೀರು ಹಾಕಿ, ಮೊಳಕೆ ಕಾಣುವ ತನಕ ಮಣ್ಣು ಆರದಷ್ಟು ಮಾತ್ರ ಹನಿಸಿದೆ. ಬೆಳ್ಳುಳ್ಳಿ ಎಸಳಿನಂಥ ಮರಿಗಳನ್ನು ಬೇರೆ ಪಾತಿಯಲ್ಲಿ ನಾಲ್ಕು ಬೆರಳು ಅಂತರಕ್ಕೆ ಊರಿದೆ. ಅವು ದಪ್ಪವಾಗಲಿ ಎಂದೇ ಬೆಳೆಸುವುದು, ಮೊದಲ ವರ್ಷ ಹೂ ಕೇಳಬಾರದು.

ಆಷಾಢದ ಕೊನೆಯಲ್ಲಿ ಮೊದಲ ಕಡ್ಡಿ ಎದ್ದಿತು. ಈ ತಳಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’. ಒಂಟಿ ಸುತ್ತಿನ ದಳ, ಮೊಗ್ಗಿನ ಮೇಲೆ ತೆಳುವಾಗಿ ಗುಲಾಬಿ ಛಾಯೆ. ಎಲ್ಲ ಬುಡಗಳಿಂದ ಆರಿಸಿ ನೆಟ್ಟ ನಲವತ್ತು ದಪ್ಪ ಗೆಡ್ಡೆಗಳಲ್ಲಿ ದೀಪಾವಳಿಯೊಳಗೆ ಮೂವತ್ತನಾಲ್ಕು ಕಡ್ಡಿ ಬಿಟ್ಟವು. ಹಾಲಿನ ಅಜ್ಜಿಗೆ ಎರಡು ಕೊಟ್ಟೆ, ಹುಲ್ಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಜಗಲಿಯ ಪಕ್ಕದ ಕುಂಡದಲ್ಲಿ ಮೇ ಫ್ಲವರ್ ಇತ್ತು. ವರ್ಷಕ್ಕೊಮ್ಮೆ ಕೆಂಪು ಚೆಂಡು ಬಿಡುತ್ತದಲ್ಲ, ಅದು. ಕುಂಡ ಬಿರಿಯುವಷ್ಟು ತುಂಬಿದ್ದರೂ ತಪ್ಪದೆ ಏಳೆಂಟು ಹೂ ಕೊಡುತ್ತಿತ್ತು. ಇದನ್ನೂ ಬಿಡಿಸಿದರೆ ಇಪ್ಪತ್ತಾಗುತ್ತದೆ ಎಂದು ಲೆಕ್ಕ ಹಾಕಿ ಚಳಿಗಾಲದಲ್ಲಿ ಕಿತ್ತು ಆರು ಕುಂಡಕ್ಕೆ ಹಂಚಿದೆ. ಅದು ಇಕ್ಕಟ್ಟಿನಲ್ಲೇ ಸುಖವಾಗಿರುವ ಗಿಡ, ಬೇರು ಕದಲಿಸಿದರೆ ಮುನಿಸಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಮರುವರ್ಷದ ಮೇ ತಿಂಗಳಲ್ಲಿ ಆರು ಕುಂಡದಲ್ಲೂ ಬರೀ ಎಲೆ. ಅವನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದೇನೆ.